ಆರು ಮಿಲಿಮೀಟರಿನ ಲೆಕ್ಕ

ನೈರೋಬಿಯ ವಾಯವ್ಯ ಅಂಚಿನ ಲೊರೆಶೋ ಕೆಂಪು ಮಣ್ಣಿನ ಏರುದಿಣ್ಣೆಯ ಮೇಲಿದೆ. ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ಒಂದು ಕಾಲಕ್ಕೆ ಕಾಫಿ ಬೆಳೆಯುತ್ತಿದ್ದ ಸೀಮೆ. ಇಲ್ಲಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಕರೂರಾ ಕಾಡು ಸಿಗುತ್ತದೆ. 1999ರಲ್ಲಿ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಮತ್ತು ಸಂಗಡಿಗರು ಪೆಟ್ಟು ತಿಂದು, ಬಂಗಲೆ ಕಟ್ಟುವವರ ಪಾಲಾಗದಂತೆ ಉಳಿಸಿಕೊಂಡ ಸಾವಿರ ಹೆಕ್ಟೇರಿನಷ್ಟು ಹಸಿರು ಅದು. ಇವತ್ತು ಊರಿನ ಮೌಂಟನ್ ಬೈಕ್ ಸವಾರರು ಹೆಚ್ಚಾಗಿ ಸೇರುವುದು ಅಲ್ಲಿಯೇ. ಲೊರೆಶೋದ ದಕ್ಷಿಣಕ್ಕೆ, ವೈಯಾಕಿ ಹೆದ್ದಾರಿಗೆ ಅಂಟಿಕೊಂಡಂತೆ ಕಂಗೆಮಿ ಇದೆ. ಸೂರಿಲ್ಲದ ವರ್ಕ್‌ಶಾಪುಗಳು, ಹಳೆ ಸಾಮಾನಿನ ರಾಶಿ, ಬಿಸಿಲಲ್ಲೇ ಕೂತು ಕೆಲಸ ಮಾಡುವ ರಿಪೇರಿಯವರು. ಇಲ್ಲಿ ಅವರನ್ನು ಫುಂಡಿ ಎನ್ನುತ್ತಾರೆ. ಅದೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಕಿಕುಯು ಪಟ್ಟಣ. ಅಲ್ಲಿ ಡೇವಿಡ್ ಕಿಂಜಾ ಕಟ್ಟಿದ ಸಫಾರಿ ಸಿಂಬಾಜ್ ಎಂಬ ಸೈಕಲ್ ಬಳಗವಿದೆ. ಮುಂದೆ ನಾಲ್ಕು ಸಲ ಟೂರ್ ದ ಫ್ರಾನ್ಸ್ ಗೆದ್ದ ಕ್ರಿಸ್ ಫ್ರೂಮ್ ಹುಡುಗನಾಗಿದ್ದಾಗ ಮೌಂಟನ್ ಬೈಕ್ ತುಳಿಯಲು ಕಲಿತದ್ದು ಕಿಂಜಾ ಅವರ ಹಿಂದೆ ಹಿಂದೆ ಹೋಗಿ. ಸೈಕಲ್ ಓಡುವ ಕಾಡು, ಓಡಿಸುವುದನ್ನು ಕಲಿಸುವ ಅಂಗಳ, ಕೆಟ್ಟದ್ದನ್ನು ಸರಿಪಡಿಸುವ ಬೀದಿ, ಈ ಮೂರೂ ಲೊರೆಶೋದಿಂದ ಸೈಕಲ್ ತುಳಿದು ಮುಟ್ಟುವಷ್ಟು ದೂರದಲ್ಲೇ ಇವೆ.

ಕ್ರಾಸ್ ಕಂಟ್ರಿ ಮೌಂಟನ್ ಬೈಕಿನ ಹೊಸ ಫ್ರೇಮು, ಗಾಲಿಯ ನಡುವೆ ಕೂರುವ ಹೊಸ ಹಬ್‌ಗಳ ಬಗ್ಗೆ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಈ ಮೂರರಲ್ಲಿ ಮೊದಲನೆಯ ಜಾಗದಲ್ಲಿ ನಿಂತು ಬರೆದಂಥವು. ಏರಿನಲ್ಲಿ ಎಷ್ಟು ಹಗುರ, ಇಳಿಜಾರಿನಲ್ಲಿ ಎಷ್ಟು ಸ್ಥಿರ, ತಿರುವಿನಲ್ಲಿ ಗಾಲಿ ಎಷ್ಟು ಬಾಗುತ್ತದೆ ಎಂಬುದೇ ಅವುಗಳ ವಿಷಯ. ನಾನು ಮೂರನೆಯ ಜಾಗದಲ್ಲಿ ನಿಂತು ಇದನ್ನೇ ನೋಡಬೇಕು ಎನ್ನುತ್ತೇನೆ. ಹಬ್‌ನ ಹೊಸ ಅಳತೆಯೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದು ಮಾರುಕಟ್ಟೆಗೆ ಬಂದ ದಿನ ತೀರ್ಮಾನವಾಗುವ ಸಂಗತಿಯಲ್ಲ. ಹತ್ತು ವರ್ಷದ ಮೇಲೆ, ಕಂಪನಿಯ ಗೋದಾಮಿನಿಂದ ಅತಿ ದೂರದ ರಿಪೇರಿ ಅಂಗಡಿಯಲ್ಲಿ, ಆ ಗಾಲಿ ಮತ್ತೆ ತಿರುಗುತ್ತದೆಯೇ ಇಲ್ಲವೇ ಎಂಬುದರಲ್ಲಿ ತೀರ್ಮಾನವಾಗುತ್ತದೆ. ಈ ಒರೆಗೆ ಹಚ್ಚಿದರೆ ಕಳೆದ ಹದಿನೈದು ವರ್ಷದ ಹಬ್ ಬದಲಾವಣೆಗಳಲ್ಲಿ ಬಹುಪಾಲು ಸೋಲುತ್ತವೆ. ಕೆಲವು ಗೆಲ್ಲುತ್ತವೆ, ಯಾಕೆ ಗೆದ್ದವು ಎಂದು ನೋಡುವುದು ಸೋತವನ್ನು ಬೈಯುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಮೌಂಟನ್ ಬೈಕ್ ಆಟದ ಹುಟ್ಟಿನಲ್ಲೇ ಹಬ್ ಇದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಸೀಮೆಯಲ್ಲಿ ಒಂದಷ್ಟು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲಿಂದ ಕೆಳಕ್ಕೆ ಬಿಟ್ಟು ಪಂದ್ಯ ಕಟ್ಟುತ್ತಿದ್ದರು. ಆ ಸೈಕಲ್‌ಗಳ ಬ್ರೇಕು ಹಿಂದಿನ ಹಬ್‌ನ ಒಳಗೇ ಇರುತ್ತಿತ್ತು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವಂಥದ್ದು. ಒಂದೇ ಇಳಿಜಾರು ಮುಗಿಯುವಷ್ಟರಲ್ಲಿ ಒಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಹಬ್ ಬಿಚ್ಚಿ ಗ್ರೀಸು ತುಂಬಬೇಕು. ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಆ ಹುಡುಗರು ಯಾವ ಹೊಸ ಅಳತೆಗೂ ಕಾಯಲಿಲ್ಲ. 26 ಅಂಗುಲದ ದಪ್ಪ ಟೈರು 1930ರ ದಶಕದಿಂದ ಅಮೆರಿಕದ ಬೀದಿಗಳಲ್ಲಿತ್ತು, ಅದನ್ನೇ ಎತ್ತಿಕೊಂಡರು. ಮೌಂಟನ್ ಬೈಕ್ ಎಂಬುದು ಬೀದಿಯ ಅಳತೆಗಳಿಂದ ಕಟ್ಟಿದ ವಾಹನ. ಅದಕ್ಕೇ ಮುಂದಿನ ಮೂವತ್ತು ವರ್ಷ ಅದು ಲಿಮಾದಲ್ಲೂ ಲಡಾಖಿನಲ್ಲೂ ನೈರೋಬಿಯಲ್ಲೂ ರಿಪೇರಿಯಾಗುತ್ತಿತ್ತು.

ಆ ಮೂವತ್ತು ವರ್ಷಗಳ ಬಹುಭಾಗದಲ್ಲಿ ಹಿಂದಿನ ಹಬ್‌ನ ಅಗಲ 135 ಮಿಲಿಮೀಟರ್. ಫ್ರೇಮಿನ ಹಿಂಬದಿಯ ಎರಡು ಕವಲುಗಳ ನಡುವೆ ಹಬ್ ಕೂರುವ ಜಾಗದ ಅಳತೆ ಇದು. ಡಿಸ್ಕ್ ಬ್ರೇಕ್ ಬಂದ ಮೇಲೆ, ಸನ್ನೆ ತಿರುಗಿಸಿ ಗಾಲಿ ಬಿಗಿಯುವ ಹಳೆಯ ಕ್ವಿಕ್ ರಿಲೀಸ್ ಸಾಲದಾಯಿತು. ಬ್ರೇಕು ಹಿಡಿದ ಬಲಕ್ಕೆ ಮುಂದಿನ ಗಾಲಿ ಫೋರ್ಕಿನ ಬಾಯಿಂದ ಜಾರುವ ಅಪಾಯವಿತ್ತು. ಅದಕ್ಕೆ ಪರಿಹಾರವಾಗಿ ಫ್ರೇಮನ್ನೇ ತೂರಿ ಹೋಗುವ ದಪ್ಪ ಆಕ್ಸಲ್ ಬಂತು: ಮುಂದೆ 15 ಮಿಲಿಮೀಟರ್, ಹಿಂದೆ 12. ಹಿಂದಿನ ಅಗಲ 142 ಆಯಿತು. ಕೇಳಿದರೆ ಏಳು ಮಿಲಿಮೀಟರ್ ಹಿಗ್ಗಿದಂತೆ ಕಾಣುತ್ತದೆ. ನಿಜದಲ್ಲಿ ಹಬ್‌ನ ಮೈ ಹಳೆಯದೇ. ಗಾಲಿ ತಾನಾಗಿ ಸರಿಯಾದ ಜಾಗಕ್ಕೆ ಕೂರಲಿ ಎಂದು ಫ್ರೇಮಿನಲ್ಲಿ ಅತ್ತ ಮೂರೂವರೆ, ಇತ್ತ ಮೂರೂವರೆ ಮಿಲಿಮೀಟರ್ ಗೂಡು ಕೊರೆದರು, ಅಷ್ಟೇ. ಒಳ್ಳೆಯ ಹಬ್ ಆದರೆ ಎರಡು ತುದಿಯ ಮುಚ್ಚಳ ಬದಲಿಸಿ 135ರದ್ದನ್ನು 142 ಮಾಡಿಕೊಳ್ಳಬಹುದಿತ್ತು. ಡಿಟಿ ಸ್ವಿಸ್ ಕಂಪನಿಯ 350 ಹಬ್‌ನಲ್ಲಿ ಆ ಮುಚ್ಚಳಗಳನ್ನು ಕೈಯಲ್ಲೇ ಎಳೆದು ತೆಗೆಯಬಹುದು. ಬದಲಾವಣೆ ಬಂತು, ನಿಜವಾದ ತೊಂದರೆ ನೀಗಿಸಿತು, ಹಳೆಯದನ್ನು ತಿಪ್ಪೆಗೆ ಎಸೆಯಲಿಲ್ಲ. ಹೀಗಿರಬೇಕು ಬದಲಾವಣೆ.

ಆಮೇಲೆ ಬಂದದ್ದು ಬೂಸ್ಟ್. 2014ರಲ್ಲಿ ಟ್ರೆಕ್ ಮತ್ತು ಸ್ರಾಮ್ ಕಂಪನಿಗಳು ಹಿಂದಿನ ಅಗಲವನ್ನು 148ಕ್ಕೆ ಏರಿಸಿದವು. ಮುಂದಿನದು 100ರಿಂದ 110 ಆಯಿತು. ಈ ಸಲ ಹಬ್‌ನ ಮೈಯೇ ಬದಲಾಯಿತು. ಕಡ್ಡಿಗಳು ಕೂರುವ ಅಂಚುಗಳು ಎರಡೂ ಕಡೆ ಮೂರು ಮೂರು ಮಿಲಿಮೀಟರ್ ಹೊರಕ್ಕೆ ಸರಿದವು, ಚೈನಿನ ಸಾಲು ಕೂಡ ಮೂರು ಮಿಲಿಮೀಟರ್ ಹೊರಗೆ ಬಂತು. ಕೊಟ್ಟ ಕಾರಣ ಹುಸಿಯಲ್ಲ. 29 ಅಂಗುಲದ ಗಾಲಿ 26ಕ್ಕಿಂತ ಎತ್ತರ, ಅದರ ಕಡ್ಡಿ ಉದ್ದ. ಕಡ್ಡಿ ಉದ್ದವಾದಷ್ಟೂ ತಿರುವಿನಲ್ಲಿ ಗಾಲಿ ಪಕ್ಕಕ್ಕೆ ಬಾಗುವುದು ಹೆಚ್ಚು. ಕಡ್ಡಿಯ ಬುಡ ಹೊರಕ್ಕೆ ಸರಿದರೆ ಅದು ರಿಮ್ಮಿಗೆ ಹೆಚ್ಚು ಓರೆಯಾಗಿ ಹೋಗುತ್ತದೆ, ಗಾಲಿ ಬಿಗಿಯಾಗುತ್ತದೆ. ದಪ್ಪ ಟೈರಿಗೂ ಜಾಗ ಸಿಗುತ್ತದೆ, ಫ್ರೇಮಿನ ಹಿಂಬದಿಯನ್ನು ಗಿಡ್ಡ ಮಾಡಬಹುದು. ಆದರೆ ಆಗಲೇ ಡೌನ್‌ಹಿಲ್ ಸೈಕಲ್‌ಗಳಲ್ಲಿ 150 ಮಿಲಿಮೀಟರಿನ ಹಬ್ ಇತ್ತು, ಅದಕ್ಕೇ ಗೂಡು ಸೇರಿಸಿದ 157 ಇತ್ತು. ಇರುವುದನ್ನೇ ಬಳಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಕಂಪನಿಗಳ ಪರವಾಗಿ ಒಂದು ನ್ಯಾಯವಾದ ಉತ್ತರವಿದೆ: ಅಷ್ಟು ಅಗಲವಾದರೆ ಪೆಡಲುಗಳ ನಡುವಿನ ಅಂತರ ಹಿಗ್ಗುತ್ತದೆ, ಗಂಟೆಗಟ್ಟಲೆ ತುಳಿಯುವ ಕ್ರಾಸ್ ಕಂಟ್ರಿ ಸವಾರರಿಗೆ ಅದು ಆಗಿಬರುವುದಿಲ್ಲ, ಹಿಮ್ಮಡಿ ಫ್ರೇಮಿಗೆ ತಾಗುತ್ತದೆ. ಒಪ್ಪುವ ಮಾತೇ. ಆದರೆ ಎರಡೇ ವರ್ಷದ ಮೇಲೆ ಅದೇ ಉದ್ಯಮ 157ರ ಅಗಲವನ್ನೇ ಸೂಪರ್ ಬೂಸ್ಟ್ ಎಂಬ ಹೆಸರಿನಲ್ಲಿ ಟ್ರೇಲ್ ಸೈಕಲ್‌ಗಳಿಗೆ ತಂದಿತು. ಅದೂ ಡೌನ್‌ಹಿಲ್‌ನ ಹಳೆಯ 157ರಂತಲ್ಲ, ಅಂಚುಗಳನ್ನು ಇನ್ನಷ್ಟು ಹೊರಕ್ಕೆ ಸರಿಸಿ. ಕಡಿಮೆ ಬೆಲೆಯ ಕೆಲವು ಮಾದರಿಗಳಿಗೆ ಟ್ರೆಕ್ 141 ಮಿಲಿಮೀಟರಿನ ಕ್ವಿಕ್ ರಿಲೀಸ್ ಹಬ್ ಕೊಟ್ಟಿತು. ಹೀಗೆ ಹದಿನೈದು ವರ್ಷದೊಳಗೆ ಹಿಂದಿನ ಗಾಲಿಯೊಂದಕ್ಕೇ 135, 141, 142, 148, 150, 157. ಒಂದರ ಜಾಗದಲ್ಲಿ ಮತ್ತೊಂದು ಇದ್ದ ಹಾಗೆಯೇ ಕೂರುವುದಿಲ್ಲ.

ಇದರಿಂದ ಲೊರೆಶೋದವರಿಗೇನು, ಇಲ್ಲಿ ಅಂಥ ಸೈಕಲ್ ಕೊಳ್ಳುವವರು ಎಷ್ಟು ಮಂದಿ ಎಂಬುದು ಸಾಮಾನ್ಯವಾಗಿ ಎದುರಾಗುವ ಆಕ್ಷೇಪ. ಹೊಸದನ್ನು ಕೊಳ್ಳುವವರು ಕಡಿಮೆ, ನಿಜ. ಆದರೆ ನೈರೋಬಿಯ ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ಸೈಕಲ್‌ಗಳನ್ನು ನೋಡಿದರೆ ಸಾಕು. ಬ್ರಿಟನ್ನಿನಿಂದ, ಯುರೋಪಿನ ಬೇರೆ ದೇಶಗಳಿಂದ ಕಂಟೇನರುಗಳಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಮಾಲು ಅದು. ಅಲ್ಲಿನ ಗ್ಯಾರೇಜಿನಲ್ಲಿ ದೂಳು ತಿಂದದ್ದು, ದಾನಕ್ಕೆ ಕೊಟ್ಟದ್ದು, ಮಕ್ಕಳು ದೊಡ್ಡವರಾದ ಮೇಲೆ ಬೇಡವಾದದ್ದು. ಹೊಸ ಅಳತೆಯ ಸೈಕಲ್ ಇಲ್ಲಿಗೆ ಬರುವುದೇ ಇಲ್ಲ ಎಂದಲ್ಲ, ತಡವಾಗಿ ಬರುತ್ತದೆ. ಬರುವ ಹೊತ್ತಿಗೆ ಆ ಅಳತೆ ತಯಾರಿಸಿದವರ ಕ್ಯಾಟಲಾಗಿನಿಂದಲೇ ಹೋಗಿರುತ್ತದೆ. ಲಂಡನ್ನಿನ ಸವಾರನಿಗೆ ಹಬ್ ಕೆಟ್ಟರೆ ಎರಡು ದಿನದಲ್ಲಿ ಅಂಚೆಯಲ್ಲಿ ಹೊಸದು ಬರುತ್ತದೆ. ಇಲ್ಲಿ ಅದೇ ಹಬ್‌ಗೆ ಕಾಯುವುದು ಅಂದರೆ ಇನ್ನೊಂದು ಅಂಥದ್ದೇ ಸೈಕಲ್ ಮುರಿದು ಬರಲಿ ಎಂದು ಕಾಯುವುದು. ಒಂದೇ ಅಳತೆ ಇದ್ದಾಗ ಮುರಿದ ಹತ್ತು ಸೈಕಲ್‌ನಿಂದ ಆರು ಓಡುವ ಸೈಕಲ್ ಕಟ್ಟಬಹುದು. ಹತ್ತಕ್ಕೆ ಐದು ಅಳತೆ ಆದರೆ ಆ ಗಣಿತ ನಡೆಯುವುದಿಲ್ಲ. ಸಫಾರಿ ಸಿಂಬಾಜ್‌ನಂಥ ಬಳಗಗಳು ದಾನವಾಗಿ ಬಂದ ಸೈಕಲ್, ಬಿಡಿಭಾಗಗಳ ಮೇಲೆ ಹುಡುಗರನ್ನು ಬೆಳೆಸಿದಂಥವು. ಓಡಿಸುವುದರ ಜೊತೆ ಬಿಚ್ಚಿ ಜೋಡಿಸುವುದನ್ನೂ ಕಲಿಸಿದಂಥವು. ಅಳತೆ ಒಡೆದಾಗ ಮೊದಲ ಪೆಟ್ಟು ಬೀಳುವುದು ಅಂಥ ಕಡೆ.

ಹಬ್ ಒಂದನ್ನು ಬಿಚ್ಚಿ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಲೊರೆಶೋ ಸುತ್ತಿನ ಕಬೆಟೆ ಸೀಮೆಯ ಕೆಂಪು ಮಣ್ಣು ಒಣಗಿದಾಗ ಹಿಟ್ಟಿನಂಥ ದೂಳು. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ, ಅಕ್ಟೋಬರಿನಿಂದ ಡಿಸೆಂಬರಿನ ಸಣ್ಣ ಮಳೆಯಲ್ಲಿ ಅದು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಪೈಪಿನ ನೀರು ಬಿಟ್ಟು ತೊಳೆಯುತ್ತಾರೆ. ಆ ನೀರು ಸೀಲು ದಾಟಿ ಒಳಗೆ ಹೋಗುತ್ತದೆ. ಶಿಮಾನೊ ಕಂಪನಿಯ ಹಳೆ ರೀತಿಯ ಹಬ್‌ನಲ್ಲಿ ಬಿಡಿ ಗುಂಡುಗಳಿರುತ್ತವೆ: ಹಿಂದಿನ ಗಾಲಿಗೆ ಕಾಲು ಅಂಗುಲದ ಗುಂಡು, ಒಂದೊಂದು ಕಡೆ ಒಂಬತ್ತು. ಎರಡು ತೆಳು ಸ್ಪ್ಯಾನರಿನಲ್ಲಿ ಕೋನ್ ಸಡಿಲಿಸಿ, ಗುಂಡು ಸುರಿದುಕೊಂಡು, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸಿದರೆ ಗಾಲಿ ಮತ್ತೆ ಓಡುತ್ತದೆ. ಗುಂಡು ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಬಹುತೇಕ ಹೊಸ ಹಬ್‌ಗಳಲ್ಲಿ ಬಿಡಿ ಗುಂಡಿನ ಬದಲು ಮುಚ್ಚಿದ ಬೇರಿಂಗ್. ಇದು ಬಡವರಿಗೆ ತೊಂದರೆ ಎಂದು ಹೇಳಿಬಿಡಬಹುದಿತ್ತು, ಆದರೆ ಹಾಗಲ್ಲ. ಅನೇಕ ಹಬ್‌ಗಳಲ್ಲಿ ಆ ಬೇರಿಂಗಿನ ಮೇಲೆ 6902 ಎಂದು ಕೊರೆದಿರುತ್ತದೆ. ಒಳಗಿನ ವ್ಯಾಸ 15 ಮಿಲಿಮೀಟರ್, ಹೊರಗಿನದು 28, ದಪ್ಪ 7. ಜಪಾನಿನ ಕಾರ್ಖಾನೆಯದಾಗಲಿ, ಚೀನಾದ್ದಾಗಲಿ, ಭಾರತದ್ದಾಗಲಿ, 6902 ಎಂದರೆ ಇದೇ ಅಳತೆ. ಸೈಕಲ್ ಕಂಡೇ ಇರದ ಬೇರಿಂಗ್ ಅಂಗಡಿಯೂ ಅದನ್ನು ಕೊಡುತ್ತದೆ. ಕಾರಿನ ಬಿಡಿಭಾಗಗಳಿಗೆ ಹೆಸರಾದ ನೈರೋಬಿಯ ಕಿರಿನ್ಯಾಗ ರಸ್ತೆಯಲ್ಲಿ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳುವಂಥ ಸಾಮಾನು ಅದು.

ಈ ಬೇರಿಂಗಿನ ಉದಾಹರಣೆಯನ್ನು ನಾನು ಸುಮ್ಮನೆ ಎತ್ತಲಿಲ್ಲ. ಅದು ಹಬ್‌ನ ಒಳಗೇ ಇರುವ, ಸೈಕಲ್ ಉದ್ಯಮ ಮಾಡದ ಮಾನದಂಡ. ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ದಶಕಗಳಿಂದ ಬದಲಾಗಿಲ್ಲ; ಆದರೂ ಆ ಅಳತೆಯೊಳಗೆ ಗುಂಡಿನ ಉಕ್ಕು, ಸೀಲು, ಗ್ರೀಸು ಎಲ್ಲ ಸುಧಾರಿಸುತ್ತಲೇ ಬಂದಿವೆ. ಮಾನದಂಡ ನಿಂತಲ್ಲೇ ನಿಂತರೆ ಪ್ರಗತಿ ನಿಲ್ಲುತ್ತದೆ ಎನ್ನುವವರು ಒಂದು 6902 ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಬೇಕು. ಹೊರಗಿನ ಅಳತೆ ಭದ್ರವಾಗಿದ್ದುದರಿಂದಲೇ ಎಲ್ಲರೂ ಒಳಗಿನ ಗುಣದಲ್ಲಿ ಪೈಪೋಟಿ ಮಾಡಬೇಕಾಯಿತು.

ಹಬ್‌ನ ಬಲಮಗ್ಗುಲಿನ ಕತೆ ಇದಕ್ಕೆ ತದ್ವಿರುದ್ಧ. ಗೇರಿನ ಹಲ್ಲುಚಕ್ರಗಳು, ಅಂದರೆ ಕ್ಯಾಸೆಟ್, ಕೂರುವ ಗೀರುಗೀರಿನ ಉರುಳೆ ಅಲ್ಲಿದೆ. 1980ರ ದಶಕದ ಕೊನೆಯಿಂದ ಶಿಮಾನೊದ ಹೈಪರ್‌ಗ್ಲೈಡ್ ವಿನ್ಯಾಸವೇ ಬಹುತೇಕ ಎಲ್ಲ ಕಡೆ ನಡೆಯುತ್ತಿತ್ತು. ಅದರ ಮೇಲೆ 11 ಹಲ್ಲಿಗಿಂತ ಚಿಕ್ಕ ಚಕ್ರ ಹಿಡಿಸುವುದಿಲ್ಲ. ಮುಂದೆ ಒಂದೇ ಚಕ್ರ, ಹಿಂದೆ ಹನ್ನೊಂದು ಗೇರು ಎಂಬ ಕಾಲ ಬಂದಾಗ ಸ್ರಾಮ್ 2012ರಲ್ಲಿ 10 ಹಲ್ಲಿನ ಚಕ್ರ ಕೂರಿಸಲು ಎಕ್ಸ್‌ಡಿ ಎಂಬ ತನ್ನದೇ ಉರುಳೆ ತಂದಿತು. 2018ರಲ್ಲಿ ಶಿಮಾನೊ ಅದೇ 10 ಹಲ್ಲಿಗಾಗಿ ಮೈಕ್ರೋ ಸ್ಪ್ಲೈನ್ ಎಂಬ ಮೂರನೆಯದನ್ನು ತಂದಿತು. ಒಂದು ಹಲ್ಲಿನ ವ್ಯತ್ಯಾಸಕ್ಕೆ ಮೂರು ಉರುಳೆ. 10 ಹಲ್ಲು ಬೇಕಾದದ್ದು ಇಳಿಜಾರಿನ ವೇಗಕ್ಕೆ, ಪಂದ್ಯದ ಸವಾರರಿಗೆ. ಕರೂರಾದ ಕಾಡುದಾರಿಯಲ್ಲಿ ತುಳಿಯುವವನಿಗೆ ಏರಿನ ದೊಡ್ಡ ಚಕ್ರವೇ ಮುಖ್ಯ, ಅದು 11ರಿಂದ 50ರ ಕ್ಯಾಸೆಟ್‌ನಲ್ಲಿ ಹಳೆಯ ಉರುಳೆಯ ಮೇಲೂ ಕೂರುತ್ತದೆ. ಇದನ್ನು ಸ್ರಾಮ್ ತಾನೇ ಕಡಿಮೆ ಬೆಲೆಯ ಹನ್ನೆರಡು ಗೇರಿನ ಎನ್‌ಎಕ್ಸ್ ಈಗಲ್‌ನಲ್ಲಿ ತೋರಿಸಿಕೊಟ್ಟಿತು. 2023ರಲ್ಲಿ ಶಿಮಾನೊ ತಂದ ಕ್ಯೂಸ್ ಸರಣಿ ಇನ್ನೂ ಒಳ್ಳೆಯ ದಾರಿ ಹಿಡಿಯಿತು. ಅದೂ ಹಳೆಯ ಉರುಳೆಗೇ ಕೂರುತ್ತದೆ, ಹಲ್ಲು ದಪ್ಪ, ಸವೆತ ನಿಧಾನ. ಒಂಬತ್ತು, ಹತ್ತು, ಹನ್ನೊಂದು ಗೇರಿನ ಸಾಮಾನುಗಳು ಬಹಳ ಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ಅದರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಉತ್ಸಾಹ ಕಡಿಮೆ. ಹಗುರ ಅಲ್ಲವಲ್ಲ! ಆದರೆ ರಿಪೇರಿ ಬೀದಿಯಿಂದ ನೋಡಿದರೆ ಈ ದಶಕದ ಅತಿ ಮುಖ್ಯ ಗೇರು ಅದೇ ಎಂದು ನನ್ನ ಅಭಿಪ್ರಾಯ.

ಫ್ರೇಮಿನ ವಿಷಯದಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಮೊದಲನೆಯದು ಆಕಾರದ್ದು. ಹತ್ತು ಹನ್ನೆರಡು ವರ್ಷದ ಹಿಂದೆ ಕ್ರಾಸ್ ಕಂಟ್ರಿ ಸೈಕಲ್ಲಿನ ಮುಂದಿನ ಕೊಳವೆಯ ಕೋನ 70–71 ಡಿಗ್ರಿ. ಈಗ 66ರಿಂದ 68. ಫ್ರೇಮು ಉದ್ದವಾಗಿದೆ, ಹ್ಯಾಂಡಲಿನ ಕೊರಳು ಗಿಡ್ಡವಾಗಿದೆ, ಸೀಟಿನ ಕೊಳವೆ ನೆಟ್ಟಗಾಗಿದೆ. ಕಡಿದಾದ ಇಳಿಜಾರಿನಲ್ಲಿ ಸವಾರ ಹ್ಯಾಂಡಲಿನ ಮೇಲಿಂದ ಮುಗ್ಗರಿಸುವುದು ಇದರಿಂದ ನಿಜವಾಗಿ ಕಡಿಮೆಯಾಗುತ್ತದೆ. ಈ ಸುಧಾರಣೆಗೆ ಹೊಸ ಬಿಡಿಭಾಗ ಬೇಡ, ಹೊಸ ಉಪಕರಣ ಬೇಡ, ಖರ್ಚೂ ಇಲ್ಲ. ಕೊಳವೆಗಳನ್ನು ಬೇರೆ ಕೋನದಲ್ಲಿ ಜೋಡಿಸಿದರಾಯಿತು. ಅಗ್ಗದ ಅಲ್ಯೂಮಿನಿಯಂ ಸೈಕಲ್ಲಿಗೂ ಅದರ ಲಾಭ ಬಂದಿದೆ. ಎರಡನೆಯ ಬಗೆಯದು ಬಚ್ಚಿಡುವ ವಿನ್ಯಾಸ. ಸ್ಕಾಟ್ ಕಂಪನಿ 2021ರಲ್ಲಿ ತನ್ನ ಸ್ಪಾರ್ಕ್ ಸೈಕಲ್ಲಿನ ಶಾಕ್ ಅಬ್ಸಾರ್ಬರನ್ನು ಫ್ರೇಮಿನ ಹೊಟ್ಟೆಯೊಳಗೇ ಇಟ್ಟಿತು. ಬ್ರೇಕಿನ ಕೊಳವೆ, ಗೇರಿನ ಕೇಬಲ್‌ಗಳನ್ನು ಹ್ಯಾಂಡಲ್ ತಿರುಗುವ ಹೆಡ್‌ಸೆಟ್ ಬೇರಿಂಗಿನ ನಡುವಿನಿಂದಲೇ ತೂರಿಸುವುದು ಈಗ ಅನೇಕ ಕಂಪನಿಗಳ ರೂಢಿ. ನೋಡಲು ಚೊಕ್ಕಟ. ಆದರೆ ಫ್ರೇಮಿನಲ್ಲಿ ಮಳೆನೀರು ಬೇಗ ಇಳಿಯುವ ಜಾಗಗಳಲ್ಲಿ ಮೇಲಿನ ಆ ಬೇರಿಂಗೂ ಒಂದು. ಅಗ್ಗದ ಆ ಬೇರಿಂಗ್ ಬದಲಿಸಲು ಬ್ರೇಕಿನ ಕೊಳವೆ ಬಿಚ್ಚಬೇಕು, ಮತ್ತೆ ಎಣ್ಣೆ ತುಂಬಬೇಕು, ಗಾಳಿ ತೆಗೆಯಬೇಕು. ಹತ್ತು ನಿಮಿಷದ ಕೆಲಸ ಅರ್ಧ ದಿನದ್ದಾಗುತ್ತದೆ. ಆ ಎಣ್ಣೆ, ಆ ಸಿರಿಂಜು ಇಲ್ಲದ ಕಡೆ ಅದು ಆಗುವುದೇ ಇಲ್ಲ.

ಪೆಡಲ್ ಆಕ್ಸಲ್ಲಿನ ಗೂಡಿನ ಇತಿಹಾಸ ಇಲ್ಲಿ ನೆನೆಯುವಂಥದ್ದು. 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತಿನ ತಿರುಪಿನ ಮರೆ: ಇದು ಹಳೆಯ ಬ್ರಿಟಿಷ್ ಅಳತೆ. ಆಕ್ಸಲ್ ಗೂಡಿಗೂ ಅದೇ, ಹಿಂದಿನ ಫ್ರೀವೀಲಿಗೂ ಅದೇ. ಈ ಶತಮಾನದ ಮೊದಲ ದಶಕದಲ್ಲಿ ಹಗುರ, ಬಿಗಿ ಎಂಬ ಕಾರಣ ಕೊಟ್ಟು ಮರೆ ತೆಗೆದು, ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್‌ಫಿಟ್ ವಿನ್ಯಾಸಗಳು ಸಾಲುಸಾಲಾಗಿ ಬಂದವು. ಕಿರಿಕಿರಿ ಸದ್ದು, ಸಡಿಲವಾಗುವುದು, ತೆಗೆಯಲು ವಿಶೇಷ ಉಪಕರಣ ಬೇಕಾಗುವುದು, ಇವೆಲ್ಲ ಅನುಭವಕ್ಕೆ ಬಂದ ಮೇಲೆ 2020ರ ಹೊತ್ತಿಗೆ ಸ್ಪೆಷಲೈಜ್ಡ್‌ನಂಥ ದೊಡ್ಡ ಕಂಪನಿಯೇ ತನ್ನ ಮೇಲ್ದರ್ಜೆಯ ಫ್ರೇಮುಗಳಲ್ಲಿ ಮರೆಗೆ ಮರಳಿತು. ಈ ಮರಳುವಿಕೆಯೇ ನನ್ನ ವಾದಕ್ಕೆ ಬಲವಾದ ಸಾಕ್ಷಿ. ಹೊಸದೆಲ್ಲ ಮುಂದಿನ ಹೆಜ್ಜೆಯಾಗಿದ್ದರೆ ಹಿಂದಕ್ಕೆ ಬರುವ ಪ್ರಮೇಯವೇ ಬರುತ್ತಿರಲಿಲ್ಲ. ನಡುವೆ ಮಾರಾಟವಾದ ಪ್ರೆಸ್‌ಫಿಟ್ ಫ್ರೇಮುಗಳು ಮಾತ್ರ ಹಾಗೆಯೇ ಉಳಿದಿವೆ, ಕಂಟೇನರು ಏರುತ್ತಿವೆ.

ಪಂದ್ಯದ ಮಾತೇ ಬೇರೆ, ಅಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. 2012ರ ಲಂಡನ್ ಒಲಿಂಪಿಕ್ಸ್ ಕ್ರಾಸ್ ಕಂಟ್ರಿಯಲ್ಲಿ ಯಾರೊಸ್ಲಾವ್ ಕುಲ್ಹಾವಿ 29 ಅಂಗುಲದ ಗಾಲಿಯ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದ ಸೈಕಲ್ಲಿನಲ್ಲಿ ಚಿನ್ನ ಗೆದ್ದರು. ನೀನೊ ಶುರ್ಟರ್ 27.5 ಅಂಗುಲದ ಗಾಲಿಯಲ್ಲಿ ಬೆಳ್ಳಿ. ಆಮೇಲಿನ ದಶಕದಲ್ಲಿ ದಾರಿಗಳೂ ಬದಲಾದವು, ಬಂಡೆಯ ತೋಟಗಳು, ಜಿಗಿತಗಳು ಬಂದವು; ಸೈಕಲ್ ಕೂಡ ಅದಕ್ಕೆ ತಕ್ಕಂತೆ ಆಗಬೇಕಾಯಿತು. ಪಂದ್ಯದ ಸೈಕಲ್ ಬದಲಾಗಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಪಂದ್ಯದ ಸೈಕಲ್ಲಿನ ಅಳತೆಯನ್ನೇ ಐದು ವರ್ಷದೊಳಗೆ ಶಾಲಾ ಹುಡುಗನ ಸೈಕಲ್ಲಿಗೂ ಹಾಕಿ ಮಾರುವುದು ಪಂದ್ಯದ ಅಗತ್ಯವಲ್ಲ, ಮಾರಾಟದ ಅಗತ್ಯ. ಇನ್ನೊಂದು ಮಾತೂ ಇದೆ. ಪಂದ್ಯಕ್ಕೆ ಸವಾರರು ಬೇಕು. ಕಿಕುಯುವಿನ ಅಂಗಳದಲ್ಲಿ ತೇಪೆ ಹಾಕಿದ ಸೈಕಲ್‌ಗಳ ನಡುವೆ ಕಲಿತವನು ಟೂರ್ ಗೆದ್ದ. ಅಂಥ ಅಂಗಳಗಳಲ್ಲಿ ಸೈಕಲ್ ಓಡದಂತಾದರೆ ನಷ್ಟ ಪಂದ್ಯಕ್ಕೇ.

ಅಡಾಪ್ಟರ್ ಸಿಗುತ್ತದಲ್ಲ ಎಂದು ಕೇಳುವವರೂ ಇದ್ದಾರೆ. 142ರ ಗಾಲಿಯನ್ನು 148ರ ಫ್ರೇಮಿಗೆ ಹಾಕಲು ಎರಡು ಕಡೆ ಮೂರು ಮೂರು ಮಿಲಿಮೀಟರಿನ ಬಿಲ್ಲೆ, ಬ್ರೇಕ್ ಡಿಸ್ಕಿನ ಕೆಳಗೆ ಇನ್ನೊಂದು ಬಿಲ್ಲೆ, ಉದ್ದದ ಬೋಲ್ಟು. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಮಾಡಿಕೊಳ್ಳಬಹುದು. ಆದರೆ ತಿರುಗಾಮುರುಗಾ ಸಾಧ್ಯವಿಲ್ಲ: 148ರ ಗಾಲಿ 142ರ ಫ್ರೇಮಿಗೆ ಹೋಗುವುದಿಲ್ಲ. ಉಕ್ಕಿನ ಫ್ರೇಮಾದರೆ ಒಂದಿಷ್ಟು ಹಿಗ್ಗಿಸಬಹುದು, ಫುಂಡಿಗಳೂ ನಮ್ಮ ಸೈಕಲ್ ಅಂಗಡಿಯವರೂ ಅದನ್ನು ಚೆನ್ನಾಗಿ ಬಲ್ಲರು. ಅಲ್ಯೂಮಿನಿಯಂ ಸೀಳುತ್ತದೆ, ಕಾರ್ಬನ್ ಮುರಿಯುತ್ತದೆ.

ಹಾಗಾದರೆ ಬೇರೆ ದಾರಿ ಉಂಟೇ? ಉಂಟು, ಮತ್ತು ಅದನ್ನು ತೋರಿಸಿದವರಲ್ಲಿ ಬೂಸ್ಟ್ ತಂದವರೂ ಇದ್ದಾರೆ. ಸ್ರಾಮ್ ಸಂಸ್ಥಾಪಕರಲ್ಲಿ ಒಬ್ಬರಾದ ಎಫ್.ಕೆ. ಡೇ, 2004ರ ಸುನಾಮಿಯ ನಂತರ 2005ರಲ್ಲಿ ಪತ್ನಿ ಲಿಯಾ ಅವರೊಡನೆ ವರ್ಲ್ಡ್ ಬೈಸಿಕಲ್ ರಿಲೀಫ್ ಎಂಬ ಸಂಸ್ಥೆ ಕಟ್ಟಿದರು. ಅದು ರೂಪಿಸಿದ ಬಫೆಲೋ ಸೈಕಲ್ ಕೆನ್ಯಾದ ಕಿಸುಮುವಿನಲ್ಲಿ ಜೋಡಣೆಯಾಗುತ್ತದೆ. 26 ಅಂಗುಲದ ಗಾಲಿ, ದಪ್ಪ ಕಡ್ಡಿ, ನೂರು ಕಿಲೋ ಹೊರುವ ಕ್ಯಾರಿಯರ್, ರೀಪ್ಯಾಕಿನ ಹುಡುಗರದ್ದರಂತೆಯೇ ಹಬ್‌ನೊಳಗಿನ ಬ್ರೇಕು. ಸ್ಥಳೀಯವಾಗಿ ಸಿಗುವ ಬಿಡಿಭಾಗಗಳಿಗೆ ಹೊಂದಬೇಕು ಎಂಬುದು ಅದರ ವಿನ್ಯಾಸದ ಮೊದಲ ಷರತ್ತು. 2023ರಲ್ಲಿ ಅದಕ್ಕೆ ಎರಡು ಗೇರು ಬಂದಾಗಲೂ ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಸೂಕ್ಷ್ಮವಾದ ಡಿರೇಲರ್ ಹಾಕಲಿಲ್ಲ. ಎರಡು ಚೈನು, ಎರಡು ಫ್ರೀವೀಲು, ಪೆಡಲನ್ನು ಸ್ವಲ್ಪ ಹಿಂದಕ್ಕೆ ತುಳಿದರೆ ಗೇರು ಬದಲಾಗುವ ಏರ್ಪಾಡು. ಅದೇ ಸ್ರಾಮ್ 2019ರಲ್ಲಿ ಪಂದ್ಯದ ಸೈಕಲ್‌ಗಳಿಗೂ ಒಂದು ಒಳ್ಳೆಯ ಕೆಲಸ ಮಾಡಿತು. ಗೇರಿನ ಡಿರೇಲರ್ ತೂಗುವ ಸಣ್ಣ ಕೊಂಡಿ ಒಂದೊಂದು ಫ್ರೇಮಿಗೆ ಒಂದೊಂದು ಬಗೆ ಇತ್ತು. ಬಿದ್ದಾಗ ಮೊದಲು ಬಾಗುವುದು ಅದೇ. ಅದಕ್ಕೆ ಎಲ್ಲರಿಗೂ ಒಂದೇ ಅಳತೆ ಗೊತ್ತುಮಾಡಿ, ಯಾವ ಫ್ರೇಮ್ ತಯಾರಕರೂ ಶುಲ್ಕವಿಲ್ಲದೆ ಬಳಸಬಹುದು ಎಂದಿತು. ಯುಡಿಎಚ್ ಎಂಬ ಆ ಕೊಂಡಿ ಕೆಲವೇ ವರ್ಷದಲ್ಲಿ ಎಲ್ಲೆಡೆ ಬಂತು. 2023ರಲ್ಲಿ ಅದೇ ಕಂಪನಿ ಆ ಕೊಂಡಿ ಕೂರುವ ಜಾಗಕ್ಕೇ ನೇರವಾಗಿ ಬಿಗಿಯುವ ಟ್ರಾನ್ಸ್‌ಮಿಷನ್ ಎಂಬ ತನ್ನ ದುಬಾರಿ ಗೇರು ತಂದಾಗ ಇದರ ಹಿಂದಿನ ವ್ಯಾಪಾರದ ಲೆಕ್ಕವೂ ಗೊತ್ತಾಯಿತು. ಇರಲಿ. ಲೆಕ್ಕ ಏನೇ ಇರಲಿ, ಬಾಗಿದ ಕೊಂಡಿಗೆ ಬದಲಿ ಇವತ್ತು ಸುಲಭವಾಗಿ ಸಿಗುತ್ತದೆ. ಮುಕ್ತವಾಗಿ ಹಂಚಿದ ಅಳತೆಯಿಂದ ಲಾಭಕ್ಕೆ ಕುತ್ತು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಕಡೆಗೂ ಇದು ದೂರದ ವಿಷಯವಲ್ಲ. ಕೆನ್ಯಾದ ಹಳ್ಳಿಗಳಲ್ಲಿ ಬ್ಲ್ಯಾಕ್ ಮಾಂಬಾ ಎಂದು ಕರೆಯುವ ಕಪ್ಪು ಸೈಕಲ್ ನಮ್ಮ ಅಜ್ಜಂದಿರು ತುಳಿದ ಸೈಕಲ್ಲೇ. ಭಾರತದಿಂದ, ಚೀನಾದಿಂದ ಬಂದದ್ದು, ಅದೇ 28 ಅಂಗುಲದ ಗಾಲಿ, ಅದೇ ಮರೆಯ ಫ್ರೀವೀಲು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಲಕ್ಷಗಟ್ಟಲೆ ಸೈಕಲ್ ಕೊಟ್ಟಾಗ ಅವು ಯಾವ ಊರಿನ ಪಂಚರ್ ಅಂಗಡಿಯಲ್ಲೂ ರಿಪೇರಿಯಾಗುವಂಥವಾಗಿದ್ದವು. ಆದರೆ ವಿಜಯಪುರ, ಬಾಗಲಕೋಟೆ, ಗದಗಿನ ಹುಡುಗರು ಆ ಸೈಕಲ್‌ನಿಂದ ಪಂದ್ಯದ ಸೈಕಲ್ಲಿಗೆ ಏರುವಾಗ ಕಿಕುಯುವಿನ ಹುಡುಗರು ದಾಟುವ ಅದೇ ಕಂದಕ ದಾಟಬೇಕು. ಕ್ರೀಡಾ ವಸತಿ ನಿಲಯಕ್ಕೋ ಕ್ಲಬ್ಬಿಗೋ ದಾನಿಯೊಬ್ಬರು ಒಳ್ಳೆಯ ಮನಸ್ಸಿನಿಂದ ಹತ್ತು ಬಗೆಯ ಹತ್ತು ಸೈಕಲ್ ಕೊಟ್ಟರೆ, ಎರಡು ವರ್ಷದಲ್ಲಿ ಅವು ಹತ್ತು ಬಗೆಯ ತೊಂದರೆಗಳಾಗುತ್ತವೆ.

ಹಾಗೆಂದು ಈಗ ಬೂಸ್ಟ್ ಬೇಡ, 135ಕ್ಕೆ ಮರಳೋಣ ಎಂದರೆ ಅದೂ ತಪ್ಪೇ. ಹತ್ತು ವರ್ಷ ಕಳೆದು ಇವತ್ತು ಮೌಂಟನ್ ಬೈಕ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ 148. ಅದು ಆರು ಮಿಲಿಮೀಟರಿನಷ್ಟು ಉತ್ತಮ ಎಂಬುದಕ್ಕಲ್ಲ, ಎಲ್ಲ ಕಡೆ ಇದೆ ಎಂಬುದಕ್ಕೇ ಈಗ ಅದನ್ನು ಕೊಳ್ಳಬೇಕು. ಹೊಸದಾಗಿ ಹತ್ತು ಸೈಕಲ್ ಕೊಳ್ಳುವ ಕ್ಲಬ್, ಅದು ಗದಗಿನದಾಗಲಿ ಕಿಕುಯುವಿನದಾಗಲಿ, ಹತ್ತಕ್ಕೂ ಒಂದೇ ಅಳತೆ ಕೇಳಲಿ: 12ರ ಆಕ್ಸಲಿನ 148ರ ಹಬ್, ಹೈಪರ್‌ಗ್ಲೈಡ್ ಉರುಳೆ, ಮರೆಯ ಆಕ್ಸಲ್ ಗೂಡು, ಯುಡಿಎಚ್ ಕೊಂಡಿ, ಹೆಡ್‌ಸೆಟ್ ಹೊರಗಿನಿಂದ ಹೋಗುವ ಕೇಬಲ್. ಅಲ್ಯೂಮಿನಿಯಂ ಫ್ರೇಮಿನ ಸೈಕಲ್‌ಗಳಲ್ಲಿ ಹುಡುಕಿದರೆ ಈ ಪಟ್ಟಿಗೆ ಹೊಂದುವವು ಸಿಗುತ್ತವೆ. ಜೊತೆಗೆ ಎರಡು ಬಿಡಿ ಹಬ್, ಒಂದು ಡಬ್ಬ 6902 ಬೇರಿಂಗ್ ತೆಗೆದಿಟ್ಟುಕೊಳ್ಳಲಿ. ಕಂಪನಿಗಳಿಂದ ಕೇಳಬೇಕಾದದ್ದು ಬೇರೆ. ಯುರೋಪಿನ ಒಕ್ಕೂಟ 2024ರಲ್ಲಿ ತಂದ ದುರಸ್ತಿಯ ಹಕ್ಕಿನ ನಿಯಮದಲ್ಲಿ ವಾಷಿಂಗ್ ಮೆಷಿನ್ ಇದೆ, ಮೊಬೈಲ್ ಫೋನ್ ಇದೆ. ಸಾಮಾನ್ಯ ಸೈಕಲ್ ಇಲ್ಲ. ಅದು ಸೇರಬೇಕು. ಹಬ್‌ನ ಉರುಳೆ, ತುದಿಯ ಮುಚ್ಚಳ, ಆಕ್ಸಲ್ ಇವು ಮಾರಾಟ ನಿಂತ ಮೇಲೂ ಹತ್ತು ವರ್ಷ ಸಿಗಬೇಕು; ಆಮೇಲೆ ಅವುಗಳ ನಕ್ಷೆ ಯಾರು ಬೇಕಾದರೂ ಮಾಡಿಕೊಳ್ಳುವಂತೆ ಬಿಡುಗಡೆಯಾಗಬೇಕು. ಈ ಬೇಡಿಕೆಗೆ ಇದೇ ಹೊತ್ತು, ಏಕೆಂದರೆ 32 ಅಂಗುಲದ ಗಾಲಿಯ ಮಾತು ಆಗಲೇ ಶುರುವಾಗಿದೆ, ಪ್ರಯೋಗದ ಸೈಕಲ್‌ಗಳು ಕಾಣಿಸಿಕೊಂಡಿವೆ. ಗಾಲಿ ಇನ್ನೂ ದೊಡ್ಡದಾದರೆ ಕಡ್ಡಿ ಇನ್ನೂ ಉದ್ದ, ಗಾಲಿಯನ್ನು ಬಿಗಿ ಮಾಡಲು ಹಬ್ ಇನ್ನೂ ಅಗಲ ಎಂಬ ವಾದ 2014ರಲ್ಲಿ ಬಂದಂತೆಯೇ ಮತ್ತೆ ಬರುತ್ತದೆ. ಅದು ಬಂದಾಗ 148 ಹಾಗೂ 157ರಲ್ಲೇ ಅದನ್ನು ಕಟ್ಟಿ ತೋರಿಸಿ ಎಂದು ಕೊಳ್ಳುವವರು, ಬರೆಯುವವರು, ಸೈಕ್ಲಿಂಗ್ ಫೆಡರೇಷನ್ನಿನವರು ಒಟ್ಟಾಗಿ ಕೇಳಬೇಕು.